ಖಾಲಿ ಅಚ್ಚು

ಮಂಡ್ಯ, ಗುತ್ತಲು ರಸ್ತೆ, ಸೈಕಲ್ ಅಂಗಡಿಯ ಮೇಲಿನ ಕೋಣೆ.
ನಾಲ್ಕು ಸಾವಿರ ಕಸುಬಿನ ಮಾತು
ಒಂದೇ ಕಡತದಲ್ಲಿ ಮಲಗಿವೆ.
ಜವರಪ್ಪ ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟೆ:
“ಆ ‘ನೋಡು’ ಅನ್ನೋದನ್ನ ತೆಗೆದುಬುಡವ್ವ,
ಪಕ್ಕದಲ್ಲಿ ಬಾಣದ ಗುರುತು ಅದೆಯಲ್ಲ, ಸಾಕು.”

ಇಲ್ಲಿ ಎಲ್ಲಕ್ಕೂ ಹೆಸರಿದೆ:
ನಮೂದು, ಅರ್ಥ, ಉಲ್ಲೇಖ, ಸೂಚನೆ.
ಬರಹದ ತುಣುಕಿಗೆ ಮಾತ್ರ ಇಲ್ಲ.
ಹೆಸರು ಹಿಡಿದು ಕೂಗಿದರೆ ಓಗೊಡದು.
ಯಾರ ಮನೆಯದು, ಎಷ್ಟನೆಯದು, ಬಾಯಲ್ಲೇನಿದೆ
ಎಂದು ಕೇಳಿ ಕೇಳಿ ಹಿಡಿಯಬೇಕು.

ನನಗೆ ಅಷ್ಟು ತಾಳ್ಮೆ ಎಲ್ಲಿ?
‘ನೋಡು’ ಇರುವ ಯಾವ ತುಣುಕೇ ಸಿಗಲಿ
ಈ ಅಚ್ಚಿಗೆ ಹುಯ್ಯಿ, ಎಂದು ಬರೆದೆ.
ಅಚ್ಚಿನೊಳಗೆ ಏನೂ ಇಡಲಿಲ್ಲ.
ಮೂರು ಸೆಕೆಂಡು.
ಬಾಣಗಳೆಲ್ಲ ತೊಳೆದಿಟ್ಟ ಹಾಗೆ.
ಕಾಫಿ ತರಿಸಿದೆ.

‘ಪಾಕ’ದ ಪುಟದಲ್ಲಿ ಕೈ ನಿಂತಿತು.
ಹೊಳಲಿನ ದ್ಯಾವೀರಮ್ಮನ ಮಾತು,
ಟೇಪಿನಿಂದ ನಾನೇ ಇಳಿಸಿದ್ದು:
“ನೋಡು ಮಗ, ಕೊಪ್ಪರಿಗೇಲಿ ನೊರೆ ಸಣ್ಣಗಾಗಿ
ಪಾಕ ಎಳೆ ಬುಟ್ಟಾಗ ಯಾರೂ ಉಸ್ರೆತ್ಬಾರ್ದು.”
‘ಪಾಕ’ಕ್ಕೆ ದಪ್ಪಕ್ಷರದ ಗುರುತು ಹಾಕಿದ್ದೆ.
ಗುರುತಿನ ಎಡಕ್ಕೊಂದು ತುಣುಕು, ಬಲಕ್ಕೊಂದು;
ಒಂದೇ ಉಸಿರಿನ ಮಾತು
ನನ್ನ ಕೈಯಲ್ಲೇ ಎರಡು ಹೋಳು.
ಎಡದ ಹೋಳು ಪೂರಾ ಹೋಗಿತ್ತು.
ಕೊಪ್ಪರಿಗೆ ಇಲ್ಲ, ನೊರೆ ಇಲ್ಲ.
‘ಮಗ’ ಅನ್ನಿಸಿಕೊಂಡವಳು ನಾನು,
ನಾನೂ ಇಲ್ಲ.

ಹುಡುಕಿದರೆ ಇನ್ನೂ ಇವೆ.
‘ನೋಡುತ್ತ’ ಕೂತವರು, ‘ನೋಡುವ’ ಹೆಣ್ಣಿನ ಕಡೆಯವರು,
ಹೊಟ್ಟೆಯಲ್ಲಿ ಆ ಎರಡಕ್ಷರ ಇದ್ದ ತಪ್ಪಿಗೆ
ಮಾತಿನ ಸಮೇತ ಮಾಯ.

ಮತ್ತೆ ಬರೆದೆ:
ತುಣುಕು ‘ನೋಡು’ ಮಾತ್ರವೇ ಆಗಿರಬೇಕು.
ಒಂದೂ ಸಿಗಲಿಲ್ಲ.
ಸಾಲು ಮುರಿದ ಕಡೆಯ ಕಾಣದ ಖಾಲಿ
ಪದದ ಬೆನ್ನಿಗೆ ಅಂಟಿತ್ತು, ಒದ್ದೆ ಬಟ್ಟೆಯ ಹಾಗೆ.

ಕೊನೆಗೆ ಕೂತು ಕೇಳಿದೆ,
ಮೊದಲೇ ಕೇಳಬೇಕಿತ್ತು:
ಸೂಚನೆಯ ಮನೆಯಲ್ಲಿ ಹುಟ್ಟಿ,
ಆಚೀಚೆಯ ಖಾಲಿ ಒರೆಸಿದ ಮೇಲೆ
‘ನೋಡು’ ಆಗಿ, ಬರೀ ‘ನೋಡು’ ಆಗಿ
ಉಳಿಯುವವಳು ಯಾರು?
ಆರುನೂರ ಹನ್ನೆರಡು ಕೈ ಎತ್ತಿದವು.
ಬೇರೆ ಯಾವುದೂ ಮಿಸುಕಲಿಲ್ಲ.

ಮೇಷ್ಟ್ರು ಫೋನು: “ಎಲ್ಲ ಹೋದ್ವಾ?”
ಹೋದವು ಸಾರ್, ಒಂದನ್ನು ಬಿಟ್ಟೆ.
“ಯಾಕವ್ವ?”
ಅದು ಇನ್ನೊಂದು ಪದದ ಕಡೆ
ಬೆರಳು ಮಾಡುತ್ತಿಲ್ಲ ಸಾರ್.
ಕೊಪ್ಪರಿಗೆಯ ಕಡೆ ಮಾಡುತ್ತಿದೆ.

ಕೆಳಗೆ ಟ್ಯೂಬು ಅದ್ದಿದ ತೊಟ್ಟಿಯಲ್ಲಿ
ಗುಳ್ಳೆ ಏಳುತ್ತಿತ್ತು.
ಆರಿದ ಕಾಫಿಯ ಮೇಲೆ ಕೆನೆ.