ಕಾಲಂಗುಲ

ನಾನು ಹಲ್ಲು ಮಸೆಯುವವಳು.
ಯಾರ ಮೇಲೂ ಸಿಟ್ಟಿಲ್ಲ.
ಬರ್ಬೀಸ್ ನದಿಯ ಮಂಜು ದೋಣಿಗಳನ್ನು
ಇನ್ನೂ ಬಿಟ್ಟುಕೊಡದ ಹೊತ್ತಲ್ಲಿ
ತೊಡೆಗಳ ನಡುವೆ ಗರಗಸದ ಪಟ್ಟಿ ಇರುಕಿಕೊಂಡು
ಒಂದೊಂದು ಹಲ್ಲಿಗೆ ಮೂರು ಸಲ ಅರ,
ಒಂದೇ ಕಡೆಗೆ, ಹಿಂದೆಳೆಯದೆ.
ಮರವನ್ನು ಅಡ್ಡ ತುಂಡರಿಸುವ ಹಲ್ಲು ಓರೆ,
ಉದ್ದಕ್ಕೆ ಸೀಳುವ ಹಲ್ಲು ಹೆಚ್ಚುಕಡಿಮೆ ನೇರ.
ಇಷ್ಟು ಕಲಿಯಲು ನನಗೆ
ಎರಡು ಮಳೆಗಾಲ, ಒಂದು ಬೆರಳತುದಿ ಬೇಕಾಯಿತು.

ಥಿಯೋಫಿಲಸ್ ಯಂತ್ರವನ್ನು ಎಬ್ಬಿಸುವುದು ಎರಡನೇ ಎಳೆತಕ್ಕೆ.
ಮೊದಲನೆಯದು ಅದರ ಕೆಮ್ಮಿಗೆ, ಎನ್ನುತ್ತಾನೆ.
ಹದಿಮೂರು ಕೆಜಿ. ಮೂರಡಿ ನಾಲಿಗೆ.
ಪಟ್ಟಣದ ಮಿಲ್ಲಿನಲ್ಲಿ ಹಳಿಯಿದೆ, ಚೌಕಟ್ಟಿದೆ,
ಹಲಗೆ ಎಷ್ಟು ದಪ್ಪ ಅನ್ನುವುದನ್ನು
ಕಬ್ಬಿಣವೇ ನೆನಪಿಟ್ಟುಕೊಳ್ಳುತ್ತದೆ.
ಇಲ್ಲಿ ಅವನ ಎರಡು ಮೊಣಕೈ,
ಮತ್ತು ನಾವಿಬ್ಬರು ಹಿಡಿದ ಒಂದು ದಾರ.

ದಾರಕ್ಕೆ ಮಸಿ: ಸತ್ತ ಟಾರ್ಚಿನ ಸೆಲ್ಲು ಜಜ್ಜಿ
ಒಳಗಿನ ಕಪ್ಪು ನೀರಲ್ಲಿ ಕಲಸಿದ್ದು.
ಆ ತುದಿ ಅವನು, ಈ ತುದಿ ನಾನು.
ಬಿಗಿದು, ನಡುವೆ ಎತ್ತಿ, ಬಿಟ್ಟರೆ
ಟಪ್!
ಹದಿನಾಲ್ಕು ಅಡಿ ಗೆರೆ.
ಮದುವೆಯಾಗಿ ಹತ್ತೊಂಬತ್ತು ವರ್ಷ,
ಇಬ್ಬರೂ ಒಪ್ಪಿದ ಗೆರೆಗಳೆಲ್ಲ
ಹೀಗೆ ಗರಗಸದ ಹೊಟ್ಟೆಗೇ ಹೋದವು.

ಆಮೇಲೆ ಸದ್ದು. ಕಾಡಿಗೆ ಬೇರೆ ಮಾತಿಲ್ಲ.
ಅವನು ಹಿಂದೆ ಹಿಂದೆ ಸರಿಯುತ್ತಾನೆ
ನೆಲ ಸಾರಿಸುತ್ತ ಬಾಗಿಲ ಕಡೆ ಬರುವವಳ ಹಾಗೆ.
ಹುಡಿಯಲ್ಲ, ಶ್ಯಾವಿಗೆ ಸುರಿಯುತ್ತದೆ
ಬೆಚ್ಚಗೆ, ಪಾದದ ಮೇಲೆ.
ಐದು ಸೀಳಿಗೆ ಒಂದು ಹಲಗೆಯಷ್ಟು ಮರ ಶ್ಯಾವಿಗೆ.
ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ.

ಅವನ ಕಿವಿ ಎಂದೋ ಹೋಯಿತು.
ಗೆರೆ ತಪ್ಪಿದರೆ ಮಣಿಕಟ್ಟಿಗೆ ಗೊತ್ತಾಗುತ್ತದಂತೆ.
ರಾತ್ರಿ ಆ ಬೆರಳುಗಳು ಸುಣ್ಣದಷ್ಟು ಬಿಳಿಚಿಕೊಂಡು
ತಟ್ಟೆ ಹಿಡಿಯಲು ಒಲ್ಲೆನ್ನುತ್ತವೆ.
ನನ್ನ ಕಂಕುಳಲ್ಲಿಟ್ಟುಕೊಂಡು ಕಾಯಿಸುತ್ತೇನೆ,
ಬ್ರೆಡ್ಡಿನ ಹಿಟ್ಟಿನಂತೆ.

ಎದೆ ಸೀಳಿದರೆ ಎರಡಕ್ಷರವಿಲ್ಲ,
ನಮ್ಮಿಬ್ಬರಿಗೂ ಒಪ್ಪುವ ಮಾತು.
ಈ ಮರದ ಹೆಸರಲ್ಲೇ ಎದೆಯಿದೆ: ಪರ್ಪಲ್‌ಹಾರ್ಟ್.
ಸೀಳಿದ ಗಳಿಗೆಯಲ್ಲಿ ನೇರಳೆ ಎಲ್ಲಿಯದು?
ಹಳಸಿದ ರೊಟ್ಟಿಯ ಕಂದು, ಅಷ್ಟೇ.
ಎರಡು ದಿನ ಗಾಳಿಗೆ ಬಿದ್ದ ಮೇಲೆ
ಯಾರೋ ಎಂದೋ ಅಂದ ಮಾತು ಈಗ ನಾಟಿದಂತೆ
ನಿಧಾನಕ್ಕೆ ಬಣ್ಣ ಏರುತ್ತದೆ.

ಏಳನೇ ಸೀಳಿನ ನಡುವೆ ಮರಬುಂಟ ಬಂತು.
ಕಣಜ. ಕೆಂಪು ಸೊಂಟದ್ದು.
ಅವನ ಕತ್ತಿನ ಹಿಂದೆ ಕೂತದ್ದು ನೋಡಿದೆ.
ಕೂಗಿದೆ. ಕೂಗಿ ಏನು?
ಕಚ್ಚಿತು.
ಅವನು ಗುಂಡಿ ಬಿಡಲಿಲ್ಲ. ಕಣ್ಣು ಎತ್ತಲಿಲ್ಲ.
ಭುಜ ಮಾತ್ರ ಒಮ್ಮೆ
ಬೇಡವೆಂದರೂ ಉಸಿರೆಳೆದುಕೊಂಡಿತು.

ರಾಮ್‌ಕೆಲಾವನ್ ದೋಣಿ ತಂದ, ಟೇಪು ತಂದ.
ಹತ್ತು ಹಲಗೆಗೆ ಸೀಮೆಸುಣ್ಣದ ಗುರುತು.
ಹನ್ನೊಂದನೆಯದರ ಮೇಲೆ ಬೆರಳಾಡಿಸಿ ನಿಂತ.
"ಇಲ್ಲಿ ಕಾಲಂಗುಲ ಉಬ್ಬಿದೆ."
ಕಣಜ ಕಚ್ಚಿತ್ತು, ಅಂದೆ.
"ಕಣಜ ನನ್ನ ಟೇಪಿನಲ್ಲಿಲ್ಲವಲ್ಲ ತಂಗೀ,"
ನಗುತ್ತಲೇ ಅಂದ, ಕೆಟ್ಟವನಲ್ಲ.
ಪಕ್ಕದ ಹಲಗೆಯಲ್ಲಿ ಅಷ್ಟೇ ತಗ್ಗು,
ಅದೇ ಜಾಗದಲ್ಲಿ, ಅದೇ ಉದ್ದಕ್ಕೆ.
ಎರಡನ್ನೂ ಬಿಟ್ಟು ಹೋದ.
ಥಿಯೋಫಿಲಸ್ ದುಡ್ಡು ಎಣಿಸಿದ, ಮತ್ತೊಮ್ಮೆ ಎಣಿಸಿದ.

ಉಬ್ಬಿನದು ನಮ್ಮ ಹೊಸಿಲಾಯಿತು.
ಕತ್ತಲಲ್ಲೂ ಅಂಗಾಲಿಗೆ ಅದರ ಗುರುತಿದೆ.
ತಗ್ಗಿನದು ನದಿಯಂಚಿಗೆ, ಮೀನು ಹಸನು ಮಾಡಲು.
ತೊಳೆದ ಮೇಲೂ ಅಲ್ಲಿ ಒಂದು ಗುಟುಕು ನೀರು ನಿಲ್ಲುತ್ತದೆ,
ನೇರಳೆಯ ಮೇಲೆ ಒಂದು ತುಣುಕು ಆಕಾಶ.
ಮಧ್ಯಾಹ್ನ ಮರಬುಂಟಗಳು ಬಂದು
ಕುಡಿದು ಹೋಗುತ್ತವೆ.
ನಾನು ಓಡಿಸುವುದಿಲ್ಲ.

ಹೊಸ ಅರ ತರಿಸಬೇಕು.
ಹಳೆಯದು ನುಣುಪಾಗಿದೆ.