ಚಿಲ್ಲರೆ

ಹೈಸ್ಕೂಲಿನ ಜಿಮ್ಮಿನಲ್ಲಿ ಮಡಿಸುವ ಕುರ್ಚಿ ಇನ್ನೂರು,
ಸಾಲದೆ ಉಳಿದವರು ಗೋಡೆಗೆ ಒರಗಿದ್ದಾರೆ.
ಬೂಟಿನ ಹಿಮ ಕರಗಿ
ಬ್ಯಾಸ್ಕೆಟ್‌ಬಾಲಿನ ಗೆರೆಗಳ ಮೇಲೆ ಪುಟ್ಟ ಪುಟ್ಟ ಕೆರೆ.
ವಿಸ್ಕಾನ್ಸಿನ್ನಿನ ಈ ಊರಿನ ಅರ್ಧ ಇಲ್ಲೇ ಇದೆ.
ನನ್ನ ಕೆಲಸ ಇಷ್ಟೆ: ಹೆಸರು ಬರೆದುಕೊಳ್ಳುವುದು,
ಮೂರು ನಿಮಿಷ ಆದೊಡನೆ ಗಂಟೆ ತಟ್ಟುವುದು.
ಪುರಸಭೆಯ ಉಪಗುಮಾಸ್ತೆಗೆ ಪಕ್ಷವಿಲ್ಲ.

ಕಂಪನಿಯ ವಕೀಲ ಪರದೆಯ ಮೇಲೆ ಚಿತ್ರ ತೋರಿಸಿದ.
ಲಿಂಡ್‌ಕ್ವಿಸ್ಟರ ಜೋಳದ ಹೊಲವಿದ್ದಲ್ಲಿ
ಒಂದು ಲಕ್ಷ ಎಂಬತ್ತು ಸಾವಿರ ಚದರಡಿಯ ಸೂರು,
ಎಂಟುನೂರು ಕಾರಿಗೆ ಜಾಗ,
ನೆಡದ ಗಿಡಗಳು ಆಗಲೇ ಹತ್ತು ವರ್ಷ ಬೆಳೆದು ನಿಂತಿವೆ.
ಅಲ್ಲಿ ನಡೆದಾಡುವ ಜನಕ್ಕೆ ಮಾತ್ರ ನೆರಳಿಲ್ಲ.
ಅವರ ಪಾದ ಯಾವ ಕಡೆಗೆ ತಿರುಗಿದೆ ಎಂದು
ಕಣ್ಣು ಕಿರಿದು ಮಾಡಿ ನೋಡಿದೆ.
ಅಜ್ಜಿ ಕಲಿಸಿದ ಚಾಳಿ, ಇಷ್ಟು ದೂರ ಬಂದರೂ ಬಿಟ್ಟಿಲ್ಲ.

ಮೊದಲು ಎದ್ದವನು ಆರ್ವಿಡ್ ನೈಗಾರ್ಡ್,
ಮುಖ್ಯಬೀದಿಯ ಹಾರ್ಡ್‌ವೇರ್ ಅಂಗಡಿಯವನು.
ಬರೆದು ತಂದ ಕಾಗದ ಜೇಬಿನಲ್ಲೇ ಉಳಿಯಿತು.
ಮುಷ್ಟಿ ಬಿಚ್ಚಿ ತೋರಿಸಿದ: ಒಂದೇ ಒಂದು ತಿರುಪು.
"ಇವತ್ತು ಮಧ್ಯಾಹ್ನ ಮಾರಿದ್ದು ಇದರ ಜೋಡಿ.
ಬೆರ್ನೀಸಳ ಒಲೆಯ ಬಾಗಿಲಿಗೆ. ಹನ್ನೊಂದು ಸೆಂಟು.
ಅವರಲ್ಲಿ ಸಿಗುವುದು ನೂರರ ಪೊಟ್ಟಣ.
ಮಿಕ್ಕ ತೊಂಬತ್ತೊಂಬತ್ತು
ಅವಳು ಸತ್ತಮೇಲೆ ಡ್ರಾಯರಿನಲ್ಲಿ ಸಿಗುತ್ತವೆ."
ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಬೆರ್ನೀಸ್.
ಇನ್ನೂ ಎರಡು ನಿಮಿಷ ಬಾಕಿಯಿತ್ತು. ಕೂತುಬಿಟ್ಟ.

ಆಮೇಲೆ ತೊರೆಯ ನೀರು, ಕೊಕ್ಕರೆ, ತೆರಿಗೆ,
ರಾತ್ರಿಯಿಡೀ ಉರಿಯುವ ದೀಪಕ್ಕೆ ನಿದ್ದೆಗೆಡುವ ಹಸುಗಳು.
ಗಂಟೆ ತಟ್ಟಿದೆ, ತಟ್ಟಿದೆ.

ಇಪ್ಪತ್ತಮೂರನೆಯವಳು ಮಾರಿಸೋಲ್ ಓಚೋವಾ.
ವೃದ್ಧಾಶ್ರಮದ ಸಮವಸ್ತ್ರ, ಕಂಕುಳಲ್ಲಿ ನಿದ್ದೆಹೋದ ಮಗು.
"ಡೈಪರಿಗೆ ನಾನು ನಲವತ್ತು ಮೈಲಿ ಹೋಗಬೇಕು.
ನಿಮ್ಮ ಅಂಗಡಿಗಳು ಐದಕ್ಕೆ ಬಾಗಿಲು ಹಾಕುತ್ತವೆ,
ನನ್ನ ಪಾಳಿ ಮುಗಿಯುವುದು ಹನ್ನೊಂದಕ್ಕೆ.
ಊರು ಉಳಿಸಿ ಅನ್ನುತ್ತೀರಿ.
ಯಾವ ಹೊತ್ತಿನ ಊರು?"
ಯಾರೂ ಚಪ್ಪಾಳೆ ತಟ್ಟಲಿಲ್ಲ.
ನಾನೂ ಗಂಟೆ ತಟ್ಟಲಿಲ್ಲ.
ಇಪ್ಪತ್ತು ಸೆಕೆಂಡು ಹೆಚ್ಚಾಯಿತೆಂದು ದಾಖಲೆಯಲ್ಲಿಲ್ಲ.

ನನ್ನ ಭಾಷೆಯಲ್ಲಿ ಈ ವ್ಯಾಪಾರದ ಹೆಸರೇ ಚಿಲ್ಲರೆ.
ಬಿಡಿ ಬಿಡಿಯಾದದ್ದು, ಪುಡಿಗಾಸು,
ಮರ್ಯಾದೆ ಬಿಟ್ಟವರನ್ನು ಬೈಯಲಿಕ್ಕೂ ಅದೇ ಮಾತು.
ಹನ್ನೆರಡು ಎಕರೆಯಷ್ಟು ಚಿಲ್ಲರೆ!
ಅದನ್ನು ಯಾವ ಜೇಬಿಗೆ ಹಾಕಿಕೊಳ್ಳುವುದು?
ನಮ್ಮ ಕಡೆ ಚಿಲ್ಲರೆ ಇಲ್ಲದಾಗ
ಶೆಟ್ಟರು ಪೆಪ್ಪರಮಿಂಟು ಕೈಗಿಡುತ್ತಿದ್ದರು.
ಆರ್ವಿಡ್ ಒಂದು ವಾಷರ್ ಕೊಡುತ್ತಾನೆ.
ನನ್ನ ಕೋಟಿನ ಜೇಬಿನಲ್ಲಿ ಹದಿನೇಳಿವೆ,
ಯಾವ ನಲ್ಲಿಗೂ ಹೊಂದದವು.

ಹತ್ತೂಮುಕ್ಕಾಲಿಗೆ ಮಂಡಳಿ ತೀರ್ಮಾನ ಮುಂದೂಡಿತು.
ವಾಹನ ಸಂಚಾರದ ವರದಿ ಇನ್ನೊಮ್ಮೆ ಬರಲಿ.
ಇದು ಮೂರನೆಯ ಸಲ.
ಬಾಗಿಲಿಗೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದರೆ
ಓದಿಕೊಂಡು ಹಿಂದಿರುಗುವ ದೆವ್ವ ನನಗೆ ಗೊತ್ತು.
ಪಾಪದ್ದು, ದಿನಾ ಹೊಸದಾಗಿ ನಂಬುತ್ತದೆ.
ಈ ವಕೀಲನ ಬಳಿ ಡೈರಿಯಿದೆ.
ತಾರೀಕಿಗೆ ಸುತ್ತು ಹಾಕಿದ,
ಪೆನ್ನಿನ ಮುಚ್ಚಳ ಹಾಕಿದ,
ಮಂಡಳಿಗೆ ವಂದನೆ ಹೇಳಿದ.

ಕುರ್ಚಿ ಮಡಿಸುವಾಗ ಬೆನ್ನಿನ ಚೀಟಿ ಓದಿದೆ:
ಎಲ್ಲ ಅದೇ ಅಂಗಡಿಯವು, ಪಕ್ಕದ ಜಿಲ್ಲೆಯ ಶಾಖೆ.
ಖರೀದಿ ಪತ್ರಕ್ಕೆ ಸಹಿ ಹಾಕಿದ್ದವಳು ನಾನೇ.

ಹೊರಗೆ ಆರ್ವಿಡ್
ಮಾರಿಸೋಲಳ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದ.
"ಶುಕ್ರವಾರ ಹನ್ನೊಂದೂವರೆವರೆಗೂ ತೆರೆದಿಟ್ಟರೆ?"
"ಡೈಪರ್ ಇಡ್ತೀಯಾ?"
ಅವನು ತುಸು ಹೊತ್ತು ಯೋಚಿಸಿದ.
"ತಿರುಪು ಇದೆ."
ಅವಳು ನಕ್ಕಳೋ, ಚಳಿಗೆ ಉಸಿರು ಹೊರಬಿತ್ತೋ,
ದೀಪದ ಕೆಳಗೆ ಬೆಳ್ಳಗೆ ಏನೋ ಹಾದುಹೋಯಿತು.
ನಾನು ಬರೆದುಕೊಳ್ಳಲಿಲ್ಲ.
ಸಭೆ ಮುಗಿದಿತ್ತು.