ಬಲಗಿವಿ

ಇಪ್ಪತ್ತಾರು ವರ್ಷ ಗರಗಸದ ಕಾರ್ಖಾನೆಯಲ್ಲಿ
ಪೈನ್ ಮರಗಳನ್ನು ಹಲಗೆ ಮಾಡಿದೆ.
ಪಾಳಿ ಮುಗಿದರೂ ಗರಗಸ ನಿಲ್ಲಲಿಲ್ಲ,
ಬಲಗಿವಿಯೊಳಗೇ ಬಿಡಾರ ಹೂಡಿತು.
ಗುಣವಾಗದು ಯಾರ್ಮೊ, ಅಂದರು ಡಾಕ್ಟರು,
ಒಗ್ಗಿಕೊಳ್ಳಬೇಕು.

ಮಾರ್ಚ್ ಬಂದರೂ ಪಿಯೆಲಿನೆನ್ ಸರೋವರ
ಮೊಳದಷ್ಟು ದಪ್ಪ ಹೆಪ್ಪುಗಟ್ಟಿದೆ.
ತೂತು ಕೊರೆದು, ಬಕೆಟ್ ಬೋರಲು ಹಾಕಿ ಕೂತಿದ್ದೇನೆ.
ಗಾಳಿಯಿಲ್ಲ. ಹಕ್ಕಿಯಿಲ್ಲ.
ಗಾಳದ ದಾರದ ಕೆಳಗೆ ಕಪ್ಪು ನೀರು.

ಹದಿನೈದರಲ್ಲಿ, ದೃಢೀಕರಣದ ದಿನ,
ಅಣ್ಣನ ಕೋಟು ತೊಟ್ಟು ಒಪ್ಪಿಸಿದ್ದೆ ನಿನ್ನನ್ನು
ಮಗ್ಗಿಯ ಹಾಗೆ.
ಆಮೇಲೆ ಅಪ್ಪನ ಮಣ್ಣಿಗೊಮ್ಮೆ, ಅಣ್ಣನ ಮಣ್ಣಿಗೊಮ್ಮೆ
ಚರ್ಚಿಗೆ ಬಂದೆ;
ಎಲ್ಲರೂ ಹಾಡುವಾಗ ಬರೀ ಬಾಯಾಡಿಸಿದೆ.

ಇವತ್ತು ಯಾಕೋ
ತೂತಿನ ಮೇಲೆ ಬಗ್ಗಿ ಕೇಳಿದೆ:
ಇದ್ದೀಯಾ?

ಬಹಳ ಹೊತ್ತು ಏನೂ ಇಲ್ಲ.
ಮತ್ತೆ ಆಚೆ ದಡದಿಂದ ಈಚೆ ದಡಕ್ಕೆ
ಮಂಜುಗಡ್ಡೆ ಒಮ್ಮೆ ನರಳಿ ಮಗ್ಗುಲಾಯಿತು.
ಬಿಸಿಲೇರಿದಾಗ ಹೀಗಾಗುತ್ತದೆ, ನನಗೆ ಗೊತ್ತು.
ಗೊತ್ತಿದ್ದೂ ಟೋಪಿ ತೆಗೆದೆ.

ಕಿವಿಯ ಗರಗಸ ನಿಂತಿಲ್ಲ.
ಅದರ ಹಿಂದೆ, ಬಹಳ ಹಿಂದೆ, ಒಂದು ಜಾಗವಿದೆ;
ಅಲ್ಲಿ ಮರಗಳು ಇನ್ನೂ ನಿಂತೇ ಇವೆ.

ಕಚ್ಚಿದ್ದು ಒಂದೇ, ಬೆರಳುದ್ದದ ಮೀನು.
ನಿನ್ನ ಶಿಷ್ಯರಿಗಾದರೆ ಬಲೆ ಹರಿಯುವಷ್ಟು ಕೊಟ್ಟೆ,
ಅಂತ ರೇಗಿಸುತ್ತ ನೀರಿಗೆ ಬಿಟ್ಟೆ.

ಫ್ಲಾಸ್ಕಿನಲ್ಲಿ ಕಾಫಿ ಇನ್ನೂ ಬಿಸಿಯಿದೆ.